ಕಂಪ್ಲೇಂಟ್ ಫೋನಿನ ಬಸಲಿಂಗವ್ವ

ನಾನು ಎಂಜಿನಿಯರ್. ಬೆಂಗಳೂರಿನಲ್ಲಿ ಒಂದು ಡಿಗ್ರಿ, ಲಂಡನ್ನಿನಲ್ಲಿ ಇನ್ನೊಂದು. ಇದನ್ನು ಮೊದಲೇ ಹೇಳಿಕೊಂಡುಬಿಡುತ್ತೇನೆ. ನೀವು ಪೂರ್ತಿ ಸಂಗತಿ ಕೇಳಿದ ಮೇಲೆ ಹೇಳಿಕೊಳ್ಳಲು ನನಗೆ ಮುಖವಿರುವುದಿಲ್ಲ.

ಬಿರುಗಾಳಿಗೆ ಸಿಕ್ಕ ದ್ವೀಪಗಳಿಗೆ ಮತ್ತೆ ಕರೆಂಟ್ ಕೊಡಿಸುವುದು ಲಂಡನ್ನಿನ ಹೌನ್ಸ್ಲೋದಲ್ಲಿರುವ ನಮ್ಮ ಆಫೀಸಿನ ಕೆಲಸ. ಕಂಬ ನೆಡುವವರು ಅಲ್ಲಿರುತ್ತಾರೆ, ಯಾವಾಗ ಕರೆಂಟ್ ಬಿಡಬೇಕೆಂದು ಇಲ್ಲಿಂದ ನಾನು ಹೇಳುತ್ತೇನೆ. ಪಕ್ಕದ ಮೇಜಿನಲ್ಲಿ ಕೂತು ದ್ವೀಪದವರ ದೂರು ಕೇಳುವವರು ಬಸಲಿಂಗವ್ವ. ವಿಜಯಪುರದ ವಿದ್ಯುತ್ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಂಪ್ಲೇಂಟ್ ಫೋನ್ ಎತ್ತಿದವರು. ಗಂಡನಿಗೆ ಹೀಥ್ರೋದಲ್ಲಿ ಕೆಲಸ ಸಿಕ್ಕಿ ಬಂದ ಮೇಲೆ ಇಲ್ಲೂ ಅದೇ ಕೆಲಸ ಹಿಡಿದರು. ಅವರ ಇಂಗ್ಲಿಷಿಗೆ ಲಿಂಗ, ವಚನ, ಕಾಲಗಳ ಹಂಗಿಲ್ಲ. ದೂರು ಕೇಳುತ್ತಲೇ ಶೇಂಗಾ ಸುಲಿಯುತ್ತಾರೆ, ಸಿಪ್ಪೆ ನನ್ನ ಮೇಜಿಗೆ ಹಾರಿ ಬರುತ್ತದೆ. ಎರಡು ಸಲ ಹೇಳಿ ನೋಡಿದ್ದೇನೆ.

ಹೋದ ಸೆಪ್ಟೆಂಬರಿನ ಬಿರುಗಾಳಿ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ ಒಂದು ಕಂಬವನ್ನೂ ನೆಟ್ಟಗೆ ಬಿಡಲಿಲ್ಲ. ಒಂಬೈನೂರು ಮನೆ, ಒಂದೇ ಲೈನ್. ಇಪ್ಪತ್ಮೂರು ದಿನ ಹೆಣಗಿ, ಕೊನೆಗೆ ಕರೆಂಟ್ ಬಿಟ್ಟರೆ ನಾಲ್ಕೇ ಸೆಕೆಂಡಿಗೆ ಬ್ರೇಕರ್ ಸುಟ್ಟುಹೋಯಿತು. ಇನ್ನೊಂದು ಹಾಕಿದೆವು, ಅದೂ ಸುಟ್ಟಿತು. ಉಳಿದದ್ದು ಒಂದೇ. ಅದೂ ಹೋದರೆ ಮುಂದಿನದು ಹಡಗಿನಲ್ಲಿ ಬರಲು ಹತ್ತು ದಿನ ಬೇಕು. ಊರಿನ ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಎಲ್ಲ ಆಸ್ಪತ್ರೆಯ ಫ್ರಿಜ್ಜಿನಲ್ಲಿತ್ತು. ಅಂದು ಭಾನುವಾರ, ಅಲ್ಲಿನ ಜನರೇಟರಿಗೆ ಸಂಜೆಯವರೆಗೆ ಮಾತ್ರ ಡೀಸೆಲ್ ಇತ್ತು.

ಕಾರಣವೇನೋ ನನಗೆ ಗೊತ್ತಿತ್ತು. ಮನೆಮನೆಯಲ್ಲೂ ಫ್ರಿಜ್, ಫ್ಯಾನ್, ಹೀಟರುಗಳ ಸ್ವಿಚ್ ಆನ್ ಆಗಿಯೇ ಇದ್ದವು. ಕರೆಂಟ್ ಬಂದೊಡನೆ ಎಲ್ಲವೂ ಒಟ್ಟಿಗೆ ಎಳೆಯುತ್ತಿದ್ದವು. ಆಫ್ ಮಾಡಿ ಎಂದು ಎರಡು ದಿನ ರೇಡಿಯೋದಲ್ಲಿ ಹೇಳಿಸಿದ್ದೆ. ಪ್ರಕಟಣೆ ನಾನೇ ಬರೆದದ್ದು, ಅದರಲ್ಲಿ ಐದು ‘ದಯವಿಟ್ಟು’ ಇದ್ದವು.

“ಆಫ್ ಮಾಡಿದ್ರ ಕರೆಂಟ್ ಬಂದಿದ್ದು ಹ್ಯಾಂಗ್ ಗೊತ್ತಾಗ್ಬೇಕ್ರಿ ಅವ್ರಿಗೆ?” ಎಂದರು ಬಸಲಿಂಗವ್ವ. “ನಮ್ಮನ್ಯಾಗ ನಾನೂ ಆಫ್ ಮಾಡ್ತಿದ್ದಿಲ್ಲ.”

“ನೀವೇ ವಿದ್ಯುತ್ ಇಲಾಖೆಯವರಲ್ವಾ?”

“ಅದಕ್ಕ ರೀ ಮತ್ತ. ಒಳಗಿನಾಕಿ ನಾನು, ಇಲಾಖೆ ಮಾತು ಹ್ಯಾಂಗ್ ನಂಬ್ಲಿ?”

ನನಗೆ ರೇಗಿಹೋಯಿತು. “ಹಾಗಾದ್ರೆ ನೀವೇ ಆಫ್ ಮಾಡ್ಸಿ, ನೋಡೋಣ!”

ಅವರು ಕೈ ಕೊಡವಿ, ಮಿಸ್ ಐವಿಗೆ ಫೋನ್ ಹಚ್ಚಿದರು. ಈ ಐವಿ ದ್ವೀಪದ ಬೇಕರಿಯಾಕೆ. ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಂಡು ದಿನವೂ ನಮಗೆ ಬಯ್ಯುವ ಮುದುಕಿ.

“ಮಿಸ್ ಐವಿ, ಡೋಂಟ್ ಟೆಲ್ ಎನಿಬಡಿ,” ಎಂದು ಬಸಲಿಂಗವ್ವ ದನಿ ತಗ್ಗಿಸಿದರು. “ಟುಡೇ ಟೆನ್ ಓ ಕ್ಲಾಕ್ ಕರೆಂಟ್ ಕಮಿಂಗ್. ಫುಲ್ ಫೋರ್ಸ್! ಫ್ರಿಜ್ ಫಿನಿಶ್, ಟಿವಿ ಫಿನಿಶ್. ಯೂ ಪುಲ್ ಪ್ಲಗ್. ಓನ್ಲಿ ಟು ಯೂ ಐ ಆಮ್ ಟೆಲ್ಲಿಂಗ್.”

ಕಂಪನಿಯ ಫೋನಿನಿಂದಲೇ ಗಾಳಿಸುದ್ದಿ! ಪೂರ್ತಿ ಸುಳ್ಳೇನೂ ಅಲ್ಲ, ಅಂಥ ಗಾಳಿಯ ನಂತರದ ಮೊದಲ ಕರೆಂಟನ್ನು ನಂಬುವಂತಿರುವುದಿಲ್ಲ. ಆದರೂ ಇದನ್ನೆಲ್ಲ ಹೇಳುವ ರೀತಿ ಒಂದಿದೆಯಲ್ಲ.

“ಯಾರಿಗೂ ಹೇಳಬ್ಯಾಡ ಅಂದೀನಿ. ಅರ್ಧ ತಾಸಿನ್ಯಾಗ ಊರ ತುಂಬ ಆಗ್ತೈತಿ, ಸುಮ್ನಿರ್ರಿ,” ಎಂದರು.

ಅರ್ಧ ತಾಸೂ ಬೇಕಾಗಲಿಲ್ಲ. ಅಲ್ಲಿನ ಲೈನ್‌ಮನ್ ಫೋನ್ ಮಾಡಿ, ಇವರಿಗೇನಾಗಿದೆ ಎಂದು ಕೇಳಿದ. ಜನ ಮನೆಗೆ ಓಡಿ ಓಡಿ ಪ್ಲಗ್ ಕೀಳುತ್ತಿದ್ದರಂತೆ. ಒಬ್ಬ ಟಿವಿಯನ್ನೇ ಹೊತ್ತು ತಂದು ಮರದ ಕೆಳಗೆ ಇಟ್ಟಿದ್ದನಂತೆ. ಪಾದ್ರಿಗಳು ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿ ಮೈಕಿನ ಪ್ಲಗ್ ಕಿತ್ತರಂತೆ. ಇಪ್ಪತ್ಮೂರು ದಿನದಿಂದ ಮಾತಾಡದ ಮೈಕು ಅದು.

ಅಲ್ಲಿ ಹತ್ತು ಗಂಟೆ, ನಮಗೆ ಮಧ್ಯಾಹ್ನ ಮೂರು. ಬಿಡಿ ಎಂದೆ. ನಾಲ್ಕು ಸೆಕೆಂಡು ಕಳೆಯಿತು. ಒಂದು ನಿಮಿಷ ಕಳೆಯಿತು. ಬ್ರೇಕರ್ ಸುಡದೆ ತಡೆದುಕೊಂಡಿತ್ತು! ಆಸ್ಪತ್ರೆಗೆ ಕರೆಂಟ್ ತಲುಪಿತ್ತು. ಆದರೆ ಅರ್ಧ ಗಂಟೆಯಾದರೂ ಒಂದೇ ಒಂದು ಮನೆಯೂ ಪ್ಲಗ್ ಹಾಕಲಿಲ್ಲ. ಹೆದರಿಕೆ ಅಷ್ಟು ಚೆನ್ನಾಗಿ ಕೂತಿತ್ತು. ಇನ್ನೊಂದು ಪ್ರಕಟಣೆ ಬರೆಯಲೇ ಎಂದೆ.

“ಬ್ಯಾಡ್ರಿ ತಾಯಿ,” ಎಂದು ಬಸಲಿಂಗವ್ವ ಕೈ ಮುಗಿದರು. “ಯಾವಳರ ಒಬ್ಬಾಕಿ ಧೈರ್ಯ ಮಾಡಿ ಫ್ಯಾನ್ ಹಚ್ತಾಳ. ಬಾಜೂ ಮನಿಯಾಕಿಗೆ ಅದನ್ನ ನೋಡಿ ತಡಿಯೂದಿಲ್ಲ.”

ಹಾಗೆಯೇ ಆಯಿತು. ಒಂದು ಮನೆ, ಆಮೇಲೆ ನಾಲ್ಕು, ಆಮೇಲೆ ಒಂದು ಓಣಿ. ಇಷ್ಟು ದಿನ ಕೂತು ನಾನು ಲೆಕ್ಕ ಹಾಕಿದ್ದ, ಕರೆಂಟ್ ಬಳಕೆಯ ಮೆಲ್ಲನೆಯ ಏರಿಕೆ ತಾನಾಗಿಯೇ ಪರದೆಯ ಮೇಲೆ ಹತ್ತತೊಡಗಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ.

ಸಂಜೆ ಮಿಸ್ ಐವಿಯ ಫೋನ್ ಬಂತು. ಬಸಲಿಂಗವ್ವ ಬೈಗುಳಕ್ಕೆ ತಯಾರಾಗಿ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರು. ಕೂಗಾಟ ಕೇಳಲಿಲ್ಲ. ಮೆಲ್ಲಗೆ ಕಿವಿಗೆ ತಂದುಕೊಂಡು ಆಲಿಸಿದರು. ಆಮೇಲೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ನನ್ನತ್ತ ತಿರುಗಿದರು. ಕಣ್ಣು ತುಂಬಿದ್ದವು.

“ಕರೆಂಟ್ ಬಂದೈತಿ, ನನ್ನ ಇನ್ಸುಲಿನ್ ತಣ್ಣಗ ಐತಿ ಅಂತ ಹೇಳಾಕ ಫೋನ್ ಮಾಡ್ಯಾಳ್ರಿ. ಇಷ್ಟು ವರ್ಷದಾಗ ಕರೆಂಟ್ ಹೋತು ಅಂತ ಮಾಡಿದವ್ರ ಎಲ್ಲಾರೂ. ಬಂತು ಅಂತ ಒಬ್ರೂ ಮಾಡಿದ್ದಿಲ್ಲ. ಇದಕ್ಕ ಏನನಬೇಕ್ರಿ, ಮೇಡಮ್?”

“ಥ್ಯಾಂಕ್ ಯೂ ಅನ್ನಿ,” ಎಂದೆ.

ಅವರು ರಿಸೀವರನ್ನೇ ನನ್ನ ಕೈಗಿಟ್ಟು ಕಣ್ಣೊರೆಸಿಕೊಂಡರು. ಅದನ್ನು ನಾನೇ ಹೇಳಬೇಕಾಯಿತು.