ಅಕ್ಕ ಬರೆಯದ ಇಂಗ್ಲಿಷ್ ಪರೀಕ್ಷೆ

ನಾನು ಚಿಕ್ಕವನಿದ್ದಾಗ ದೇವನೂರಿನ ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಅಕ್ಕನೊಬ್ಬಳಿಗೇ. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಅವಳು ಅಕ್ಕಿ ಆರಿಸುತ್ತಾ, ‘ನೆವರ್ ಹ್ಯಾವ್ ಐ ಸೀನ್ ದಿ ಸೀ’ ಎಂದು ಬಾಯಿಪಾಠ ಮಾಡುತ್ತಿದ್ದಳು. ಒತ್ತಿ ಹೇಳಬೇಕಾದ ಮಾತನ್ನು ಮೊದಲಿಗೆ ತಂದರೆ ಉಳಿದ ಪದಗಳು ಜಾಗ ಬದಲಿಸುತ್ತವಂತೆ. “ಇಂಗ್ಲಿಷ್‌ನೋರ್ಗೂ ಸಿಟ್ಟು ಬಂದ್ರೆ ನಮ್ಮಂಗೇ ಮಾತು ಇಂದುಮುಂದಾಯ್ತದೆ ಕಣ್ಲಾ” ಎಂದು ನಗುತ್ತಿದ್ದಳು. ಪಾಸಾದರೆ ನರಸೀಪುರದ ಕಾಲೇಜಿಗೆ ಕಳಿಸಲು ಅಪ್ಪ ಒಪ್ಪಿದ್ದರು.

ಇಂಗ್ಲಿಷ್ ಪರೀಕ್ಷೆಗೆ ಎರಡು ದಿನವಿರುವಾಗ ಅಕ್ಕ ಮೈನೆರೆದಳು. ಆಗೆಲ್ಲ ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕಬೇಕು, ಹುಡುಗಿ ಒಂಬತ್ತು ದಿನ ಅದರೊಳಗೇ ಕೂರಬೇಕು. ಅಂಗಳದ ತುಂಬ ಅತ್ತಿಸೊಪ್ಪಿನ ವಾಸನೆ, ಒಲೆಯ ಮೇಲೆ ಎಳ್ಳು ಹುರಿಯುವ ಚಟಪಟ. ಗುಡ್ಲೊಳಗಿಂದ ಅಕ್ಕ, “ಬರೀತೀನಿ ಅಪ್ಪ ನಾನು. ಬರ್ದು ಬಂದು ಕೂತ್ಕತೀನಿ” ಎಂದಳು. ಅಪ್ಪ ತಲೆ ತಗ್ಗಿಸಿ, “ಊರೋರು ಏನಂದಾರವ್ವ? ಮುಂದಿನ್ ವರ್ಸ ಬರೀವಂತೆ ಬುಡು” ಎಂದರು.

ಅಪ್ಪ ಎದುರಾಡದಿದ್ದದ್ದು ನಮ್ಮೂರ ಮೇಷ್ಟ್ರಿಗೆ ಮಾತ್ರ. ಅವರೂ ಪರೀಕ್ಷೆ ಕೆಲಸಕ್ಕೆಂದು ಅವತ್ತು ಸಂಜೆಯ ಬಸ್ಸಿಗೆ ನಂಜನಗೂಡಿಗೆ ಹೊರಟಿದ್ದರು. ಅಕ್ಕ ಸೊಪ್ಪಿನ ಸಂದಿಯಿಂದ ನನ್ನನ್ನು ಕರೆದು, “ಬಸ್ಸು ಬರೋಕ್ ಮುಂಚೆ ಓಗಿ ಮೇಷ್ಟ್ರನ್ನ ಕರ್ಕೊಂಡ್ ಬಾರ್ಲಾ” ಎಂದಳು.

ಹೊರಟೆ. ಅಡುಗೆಮನೆ ಬಾಗಿಲಲ್ಲಿ ಅತ್ತೆ, ಮೈನೆರೆದವಳಿಗೆ ತಿನ್ನಿಸಲೆಂದು ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟುತ್ತಿದ್ದರು. ಒಂದು ಕೊಟ್ಟರು. ಇನ್ನೊಂದಕ್ಕೆ ಕೂತೆ. ಹೊಟ್ಟೆಬಾಕ ನಾನು, ಎಷ್ಟು ತಿಂದೆನೋ. ಬಾಯಿ ಒರೆಸಿಕೊಂಡು ಓಡಿದಾಗ ರಸ್ತೆಯಲ್ಲಿ ಬಸ್ಸಿನ ಧೂಳು ಮಾತ್ರ ಇತ್ತು. ವಾಪಸ್ ಬಂದು, “ಮೇಷ್ಟ್ರು ಓಗ್ಬುಟ್ಟವ್ರೆ” ಎಂದೆ. ಚಿಗಳಿಯ ಮಾತು ಎತ್ತಲಿಲ್ಲ. ಅಕ್ಕ, “ನೀನೇನ್ ಮಾಡೀಯ, ಬುಡು” ಎಂದು ತನ್ನ ತಟ್ಟೆಯ ಚಿಗಳಿಯನ್ನೂ ನನಗೇ ಕೊಟ್ಟಳು.

ಆ ಮುಂದಿನ ವರ್ಷ ಬರಲೇ ಇಲ್ಲ. ಬೇಸಿಗೆಯಲ್ಲೇ ಅಕ್ಕನಿಗೆ ಮದುವೆಯಾಯಿತು. ಓದಲು ಹೋಗಬೇಕಿದ್ದ ನರಸೀಪುರಕ್ಕೆ ಸೊಸೆಯಾಗಿ ಹೋದಳು. ಅವಳು ತೀರಿಕೊಳ್ಳುವವರೆಗೂ ನಾನು ನಿಜ ಹೇಳಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಮೊಮ್ಮಕ್ಕಳೇ, ಹೋದ ವರ್ಷ ನಿಮ್ಮಲ್ಲಿ ದೊಡ್ಡವಳು ಮೈನೆರೆದ ಮಾರನೆಯ ದಿನವೇ ಅವಳಿಗೆ ಇಂಗ್ಲಿಷ್ ಪರೀಕ್ಷೆಯಿತ್ತು. ಗುಡ್ಲಿನ ಮಾತನ್ನು ಯಾರೂ ಆಡಲಿಲ್ಲ. ಅವಳಮ್ಮ ಚಿಗಳಿ ತಿನ್ನಿಸಿ ಸ್ಕೂಲ್ ವ್ಯಾನು ಹತ್ತಿಸಿ ಕಳಿಸಿದಳು. ನನ್ನ ತಟ್ಟೆಗೂ ಎರಡು ಉಂಡೆ ಬಿತ್ತು. ತಾತ ಯಾಕೆ ಮುಟ್ಟಲಿಲ್ಲ ಎಂದು ನೀವು ಕೇಳುತ್ತಲೇ ಇದ್ದಿರಿ. ಅದಕ್ಕೇ ಇದನ್ನೆಲ್ಲ ಹೇಳಿದೆ. ತಿನ್ನಲಾಗಲಿಲ್ಲ ನನಗೆ.