ಮೂವತ್ತೆಂಟು ಕೆ.ಜಿ.ಯ ಚೀಟಿ

ಹೌರಾ ಸ್ಟೇಷನ್ನಿನ ತೂಕದ ಯಂತ್ರ ಉಗುಳಿದ ಒಂದು ರಟ್ಟಿನ ಚೀಟಿಯನ್ನು ನಾನು ನಲವತ್ತು ವರ್ಷದಿಂದ ಪರ್ಸಿನಲ್ಲಿಟ್ಟುಕೊಂಡು ತಿರುಗಿದ್ದೇನೆ. ಮೂವತ್ತೆಂಟು ಕೆ.ಜಿ. ಆಗ ನನಗೆ ಇಪ್ಪತ್ತು. ತಾಳಿಯನ್ನೂ ನಾನು ಇಷ್ಟು ಜೋಪಾನ ಮಾಡಿಲ್ಲ.

ಅಪ್ಪ ಹೌರಾದಲ್ಲೇ ರೈಲ್ವೆ ಕೆಲಸದಲ್ಲಿದ್ದರು. ಪ್ರತಿ ಬೇಸಿಗೆಯಲ್ಲೂ ನಮ್ಮೂರು ಮೈಸೂರಿಗೆ ಹೊರಡುವಾಗ ನನ್ನನ್ನೂ ಅಕ್ಕನನ್ನೂ ಆ ಯಂತ್ರ ಹತ್ತಿಸುವುದು ಅವರ ಪದ್ಧತಿ. ನನ್ನ ಚೀಟಿ ಬೋಗಿಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಅಕ್ಕನದು ಐವತ್ತೆಂಟು. ಅದನ್ನವಳು ಮುಷ್ಟಿಯಲ್ಲಿ ಮುದುರಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ನಾನು ಅವಳನ್ನು 'ಗೂಡ್ಸ್ ಗಾಡಿ' ಅನ್ನುತ್ತಿದ್ದೆ. ಅಮ್ಮನೂ ನಗುತ್ತಿದ್ದಳು.

ಗಂಡಿನವರಿಗೆ ತೆಳ್ಳಗೆ ಬೆಳ್ಳಗೆ ಇರುವ ಹುಡುಗಿ ಬೇಕಲ್ಲ! ಅದಕ್ಕೇ ಹಾಲನ್ನು ಬಚ್ಚಲಿಗೆ ಸುರಿದೆ. ಕೆಳಮನೆಯ ಬಂಗಾಳಿ ಹೆಂಗಸು, ನಾವು ಚಿಕ್ಕಮ್ಮ ಅನ್ನುವಂತೆ 'ಮಾಶಿಮಾ' ಅನ್ನುತ್ತಿದ್ದವರು, ಕೊಡುತ್ತಿದ್ದ ಸಿಹಿ ಮೊಸರಿನಲ್ಲಿ ನನ್ನ ಪಾಲನ್ನೂ ಅಕ್ಕನೇ ತಿಂದಳು. ತಿಂಗಳುಗಟ್ಟಲೆ ನನಗೆ ಮುಟ್ಟು ನಿಂತಾಗ ಅಮ್ಮ, "ಮದ್ವೆ ಆದ್ಮೇಲೆ ಎಲ್ಲಾ ಸರಿಹೋಗತ್ತೆ ಬಿಡೇ" ಅಂದಳು. ಎಂಥ ಜಾಣತನ! ಕೊನೆಗೆ ಅಕ್ಕನನ್ನು ನೋಡಲು ಬಂದವರು ನನ್ನನ್ನು ಒಪ್ಪಿ ಹೋದರು. ನಾನು ಬೇಡ ಅನ್ನಲಿಲ್ಲ. ಅಕ್ಕ ಮದುವೆಯಾಗಲೇ ಇಲ್ಲ, ಸರ್ಕಾರಿ ಕೆಲಸ ಹಿಡಿದಳು.

ಹೋದ ತಿಂಗಳು ಸಾಲ್ಟ್ ಲೇಕಿನ ನಮ್ಮ ಮನೆಯಲ್ಲಿ ಅರ್ಧ ಬಕೆಟ್ ನೀರು ಎತ್ತಿದೆ, ಬೆನ್ನಿನ ಮೂಳೆ ಕುಸಿಯಿತು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಪ್ರಾಯದಲ್ಲಿ ಎಷ್ಟು ತೂಕವಿದ್ದಿರಿ ಎಂದು ಕೇಳಿದರು. ನಾಚಿಕೆಗೆಟ್ಟವಳು ನಾನು, ಆ ನೋವಿನಲ್ಲೂ ಚೀಟಿ ತೆಗೆದು ತೋರಿಸಿದೆ! ಅವರೇನೂ ಮೆಚ್ಚಲಿಲ್ಲ. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ಅದನ್ನು ಉಪವಾಸ ಕೆಡವಿದ್ದೀರಿ, ಇನ್ನು ಮಾತ್ರೆಯಿಂದ ಇದ್ದದ್ದು ಉಳಿದರೆ ಸಾಕು ಎಂದರು.

ಹೂವಿನಷ್ಟು ಹಗುರ ಎಂದು ನನ್ನನ್ನು ಮೆಚ್ಚಿ ಕಟ್ಟಿಕೊಂಡ ಮಹಾರಾಯರಿಗೆ ಈಗ ಆ ಹೂವನ್ನು ಎತ್ತಿ ಕೂರಿಸಲು ಸೊಂಟನೋವು. ನ್ಯೂ ಟೌನಿನಿಂದ ದಿನಾ ಬಸ್ಸು ಹಿಡಿದು ಬರುವವಳು ಅಕ್ಕ. ಅರವತ್ತೈದರಲ್ಲೂ ತರಕಾರಿ ಚೀಲ ಹೊತ್ತು ಮೂರು ಮಹಡಿ ಹತ್ತುತ್ತಾಳೆ, ನನ್ನನ್ನು ತಬ್ಬಿ ಎಬ್ಬಿಸಿ ಸ್ನಾನ ಮಾಡಿಸುತ್ತಾಳೆ. ಅವಳ ಕ್ಷಮೆ ಕೇಳಬೇಕು. ಗೂಡ್ಸ್ ಗಾಡಿ ಎನ್ನಲು ಸಲೀಸಾಗಿ ಹೊರಳುತ್ತಿದ್ದ ನಾಲಿಗೆ ಇದಕ್ಕೆ ಮಾತ್ರ ಏಳುವುದಿಲ್ಲ.

ನಿನ್ನೆ ಅವಳು ರಾಗಿ ಮುದ್ದೆ ಮಾಡಿ, ಮೇಲೆ ತುಪ್ಪ ಸುರಿದು ತಟ್ಟೆ ನನ್ನ ಮುಂದಿಟ್ಟಳು. ಹೇಳಬೇಕಾದದ್ದು ಗಂಟಲವರೆಗೆ ಬಂತು. ಬಾಯಿಂದ ಹೊರಟದ್ದು ಮಾತ್ರ ಹಳೇ ಚಾಳಿ: "ಅರ್ಧ ತೆಗೆಯೇ ಅಕ್ಕ, ಜಾಸ್ತಿ ಆಯ್ತು."

ಅಕ್ಕ ತಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿದಳು.

"ಸುಮ್ನೆ ತಿನ್ನೇ. ಇವತ್ತು ಹೆಣ್ಣು ನೋಡೋಕೆ ಯಾರೂ ಬರ್ತಿಲ್ಲ."