ನಮ್ಮದಲ್ಲದ ಚೊಂಬು

ಬಸ್ಸಿನ ಚಕ್ರ ಕಳಚಬಹುದಿತ್ತು. ಚಕ್ರ ಉಳಿದರೂ ಟೈರು ಸಿಡಿಯಬಹುದಿತ್ತು. ಟೈರೂ ಉಳಿದರೆ, ಬಸ್ಸಿನ ಬೆನ್ನಿಗೆ ಕಟ್ಟಿದ ಆ ಇದ್ದಿಲಿನ ಡ್ರಮ್ಮು ಸಿಡಿಯಬಹುದಿತ್ತು. (ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ನಮ್ಮ ಕಡೆಯ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸು ಕುಡಿದು ಓಡುತ್ತಿವೆ. ‘ಓಡುತ್ತಿವೆ’ ಎಂದದ್ದು ಮರ್ಯಾದೆಗೆ.) ಪೂರಿಗಾಲಿಯಿಂದ ಮಳವಳ್ಳಿಗೆ ಬರುವ ದಾರಿಯಲ್ಲಿ ಗಾಡಿಯ ಎತ್ತು ಬೆದರಬಹುದಿತ್ತು. ಮಳೆ ಬರಬಹುದಿತ್ತು. ಮಳೆ ಬಾರದೆ ಬಿಸಿಲು ಬಂದು ತಲೆ ಸುತ್ತಬಹುದಿತ್ತು. ಬೀಗರು ಕೊನೆ ಗಳಿಗೆಯಲ್ಲಿ ‘ಇವತ್ತು ದಿನ ಚೆನ್ನಾಗಿಲ್ಲ, ಕಳಿಸಲ್ಲ’ ಅನ್ನಬಹುದಿತ್ತು. ಅಥವಾ ದಿನ ನಿಜವಾಗಿಯೂ ಚೆನ್ನಾಗಿಲ್ಲದೆ, ಅವರು ಕಳಿಸಿಬಿಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹೆರಿಗೆಗೆಂದು ತವರಿಗೆ ಕರೆತರುತ್ತಿದ್ದ, ಏಳು ತಿಂಗಳು ತುಂಬಿದ ನನ್ನ ಮಗಳು ಜಯಮ್ಮನಿಗೆ ಕಾಳಮುದ್ದನ ದೊಡ್ಡಿಯ ಆಚೆ, ಕತ್ತಾಳೆ ಬೇಲಿ ಬಿಟ್ಟರೆ ಬೇರೇನೂ ಇಲ್ಲದ ಜಾಗದಲ್ಲಿ, ನೋವು ಕಾಣಿಸಿಕೊಳ್ಳಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ.

ಆದದ್ದು ಇಷ್ಟೇ. ಮಂಡ್ಯದ ನಮ್ಮ ಮನೆಗೆ ಬಂದು ಚೀಲ ಬಿಚ್ಚಿದರೆ, ಅದರೊಳಗೆ ನಮ್ಮದಲ್ಲದ ಒಂದು ಚೊಂಬು ಇತ್ತು.

ತಾಮ್ರದ್ದು. ಒಳಗೆ ಬೆಳ್ಳಗೆ ಕಲಾಯಿ. ಕತ್ತಿನ ಹತ್ತಿರ ಹೆಬ್ಬೆಟ್ಟಿನಗಲ ಒಂದು ನೆಗ್ಗು.

“ಇದ್ಯಾರ್ದು?” ಎಂದರು ನಮ್ಮ ಮನೆಯವರು, ಜಯಮ್ಮನ ತಾಯಿ.

ಇಪ್ಪತ್ತೆರಡು ವರ್ಷದಿಂದ ಮಿಡ್ಲ್ ಸ್ಕೂಲಿನಲ್ಲಿ ಮಕ್ಕಳಿಗೆ ನೀತಿಪಾಠ ಹೇಳುವ ಮೇಷ್ಟರ ಚೀಲದಲ್ಲಿ ಪರರ ಚೊಂಬು! ಹೆಡ್ಮಾಸ್ಟರರಿಗೆ ಗೊತ್ತಾದರೆ? ಪೊಲೀಸು ಬಂದರೆ? (ನನ್ನ ಈ ಸ್ವಭಾವ ಈ ಅಂಕಣವನ್ನು ಪ್ರತಿವಾರ ಓದುವ ನಿಮಗೆ ಹೊಸದಲ್ಲ. ಗಾಳಿ ಬೀಸಿದರೆ ಹಂಚು ಹಾರುತ್ತದೆಂದೂ, ಬೀಸದಿದ್ದರೆ ಸೆಕೆಗೆ ಜ್ವರ ಬರುತ್ತದೆಂದೂ ಹೆದರುವ ಪೈಕಿ ನಾನು.)

ಈ ಸಲ ಮಾತ್ರ ನನ್ನ ಹೆದರಿಕೆಗೆ ಒಂದು ಕಾರಣವಿತ್ತು. ಜಯಮ್ಮನಿಗೆ ಹೋದ ವರ್ಷ ಐದನೇ ತಿಂಗಳಲ್ಲಿ ಹೋಗಿತ್ತು. ಇದು ಎರಡನೆಯದು. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅದಕ್ಕೇ ನಾನು ಚಕ್ರ, ಟೈರು, ಡ್ರಮ್ಮು ಎಂದು ಬೇರೆ ಬೇರೆ ಹೆಸರಿನಲ್ಲಿ ಹೆದರುತ್ತಿದ್ದೆ.

ಇರಲಿ. ಚೊಂಬಿನ ವಿಷಯಕ್ಕೆ ಬರುತ್ತೇನೆ.

ಮದ್ದೂರು ಇನ್ನೂ ಅರ್ಧ ಮೈಲಿ ಇದೆ ಎನ್ನುವಾಗ ಬಸ್ಸು ನಿಂತಿತ್ತು. ಇದ್ದಿಲ ಬಸ್ಸು ನಿಲ್ಲುವುದನ್ನು ತೊಂದರೆ ಎನ್ನಲಾಗದು. ಅದು ಅದರ ಸ್ವಭಾವ. ಪುಣ್ಯಕ್ಕೆ ನಿಂತದ್ದು ಮೆಕ್ಯಾನಿಕ್ಕು ಗೌಸ್ ಸಾಬರ ಮನೆಯ ಮುಂದೆಯೇ. ಬಸ್ಸಿಗೂ ಅಭ್ಯಾಸವಾಗಿರಬೇಕು. ಗೌಸ್ ಸಾಬರು ತೋಳು ಮಡಚಿಕೊಂಡು ಬಂದು, ಡ್ರಮ್ಮಿಗೆ ಎರಡು ಬಡಿದು, ನನ್ನ ಮೇಷ್ಟರ ಕೋಟನ್ನೂ ಮುಖವನ್ನೂ ನೋಡಿದರು.

“ಏನ್ ಮೇಷ್ಟ್ರೇ, ಬಸ್ ಕೆಟ್ರೆ ನಿಮ್ಗ್ಯಾಕೆ ಬೆವ್ರು?”

“ಮಗಳು...” ಎಂದೆ.

ಅಷ್ಟರಲ್ಲಿ ಅವರ ತಾಯಿ ಕಾಸಿಂಬಮ್ಮ ಹೊರಗೆ ಬಂದಾಗಿತ್ತು. ಎಪ್ಪತ್ತರ ಮುದುಕಿ. ದನಿ ಮಾತ್ರ ಇಪ್ಪತ್ತರದು.

“ತುಂಬಿದ್ ಬಸುರೀನ ಬಿಸ್ಲಲ್ಲಿ ನಿಲ್ಸವ್ನಲ್ಲಪ್ಪ ಈ ಮೇಷ್ಟ್ರು! ಬುದ್ಧಿ ಎಲ್ಲಾ ಐಕಳಿಗೇಳಿ ಖಾಲಿ ಮಾಡ್ಕಂಡವ್ನಾ? ಬಾ ಮಗಾ, ನೆಳ್ಳಿಗ್ ಬಾ.”

ಒಳಗೆ ಕೂರಿಸಿದರು. ಬೆಲ್ಲ ಹಾಕಿ ಹಾಲು ಕಾಸಿ ಚೊಂಬಿನಲ್ಲಿ ತಂದರು. ಯಾರ ಮನೆಯ ಹಾಲು, ಯಾರ ಚೊಂಬು ಎಂದು ನಮ್ಮ ತಾಯಿ ಬದುಕಿದ್ದರೆ ಕೇಳುತ್ತಿದ್ದರು. ಕೇಳಬೇಕೇ ಬೇಡವೇ ಎಂದು ನಾನು ಯೋಚಿಸುವಷ್ಟರಲ್ಲಿ ಜಯಮ್ಮ ಅರ್ಧ ಕುಡಿದಾಗಿತ್ತು. ಆಗಲೇ ಬಸ್ಸು ಗೊರ್ರೆಂದಿತು. ಇದ್ದಿಲ ಬಸ್ಸು ಒಮ್ಮೆ ಸ್ಟಾರ್ಟ್ ಆದರೆ ಯಾರಿಗೂ ಕಾಯುವಂತಿಲ್ಲ. ಆರಿದರೆ ಮತ್ತೆ ಒಂದು ಗಂಟೆ. ಡ್ರೈವರು ಕೂಗಿದ. ಎಲ್ಲರೂ ಓಡಿದೆವು. ಮಗಳನ್ನು ಹತ್ತಿಸಿ, ಚೀಲ ಎಣಿಸಿ, ಮತ್ತೆ ಎಣಿಸಿ, ಮುಂದಿನ ಏರಿನಲ್ಲಿ ಬಸ್ಸು ಹಿಂದಕ್ಕೆ ಜಾರಿದರೆ ಏನು ಗತಿ ಎಂದು ನಾನು ಯೋಚಿಸತೊಡಗಿದೆ.

“ಕದ್ದಿಲ್ಲ ಕಣಪ್ಪ,” ಎಂದಳು ಜಯಮ್ಮ ಈಗ. “ಇಟ್ಕಂಡೋಗು, ದಾರೀಲಿ ಕುಡಿ ಅಂತ ಆವಜ್ಜೀನೇ ಕೊಡ್ತು. ನಿಂಗ್ ಕೇಳಿಸ್ನಿಲ್ವಾ?”

ನನಗೆ ಕೇಳಿಸಿರಲಿಲ್ಲ.

“ಅದಿರ್ಲಿ, ನೀನ್ ಆವಜ್ಜಿಗೆ ಒಂದ್ ಮಾತ್ ಏಳಿದ್ಯಾ?”

ಹೇಳಿರಲಿಲ್ಲ! ಹಾಲಿಗೂ ಇಲ್ಲ, ನೆರಳಿಗೂ ಇಲ್ಲ, ಗೌಸ್ ಸಾಬರ ಎರಡು ಏಟಿಗೂ ಇಲ್ಲ. ಆಗದೆ ಇದ್ದ ಹತ್ತು ಕೆಡುಕುಗಳನ್ನು ಒಂದೂ ಬಿಡದೆ ನೆನಪಿಟ್ಟುಕೊಂಡಿದ್ದವನು, ಆದ ಒಂದು ಒಳ್ಳೆಯದನ್ನು ಕಣ್ಣೆತ್ತಿ ನೋಡಿರಲಿಲ್ಲ.

ಅದೇ ವಾರ ರೀಡಿಂಗ್ ರೂಮಿನಲ್ಲಿ ಒಂದು ಇಂಗ್ಲಿಷ್ ಮ್ಯಾಗಜೀನು ಕೈಗೆ ಸಿಕ್ಕಿತು. ಅದರಲ್ಲಿ ಒಬ್ಬ ಮಹಾಶಯ ಬರೆದಿದ್ದಾನೆ: ದಿನಕ್ಕೆ ಮೂರು ಉಪಕಾರ ನೆನೆದು ಬರೆದಿಡಿ, ಉಪಕಾರ ಮಾಡಿದವರಿಗೆ ಬಾಯಿಬಿಟ್ಟು ಹೇಳಿ, ನಿಮ್ಮ ವ್ಯಕ್ತಿತ್ವ ಬೆಳೆಯುತ್ತದೆ. ನನ್ನಲ್ಲಿ ಈಚೆಗೆ ಬೆಳೆದದ್ದು ಹೊಟ್ಟೆ ಒಂದೇ. ವ್ಯಕ್ತಿತ್ವವೂ ಬೆಳೆಯಲಿ ಎಂದು ಶುರುಮಾಡಿದೆ.

ಮೊದಲ ದಿನ ಬರೆದದ್ದು: ಒಂದು, ಮನೆಗೆ ಬೆಂಕಿ ಬೀಳಲಿಲ್ಲ. ಎರಡು, ಹಾವು ಬರಲಿಲ್ಲ. ಮೂರು, ಇನ್‌ಸ್ಪೆಕ್ಟರು ಸ್ಕೂಲಿಗೆ ಬರಲಿಲ್ಲ.

ಓದಿ ನೋಡಿ ನನಗೇ ನಾಚಿಕೆಯಾಯಿತು. ಇದು ಉಪಕಾರಸ್ಮರಣೆಯೇ, ನನ್ನ ಹಳೆಯ ಹೆದರಿಕೆಯೇ ಮಡಿ ಉಟ್ಟು ಬಂದು ಕೂತದ್ದೇ?

ಬರೆಯುವುದು ಬೇಡ, ಬಾಯಿಬಿಟ್ಟೇ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಕಾಫಿ ತಂದಿಟ್ಟ ನಮ್ಮ ಮನೆಯವರಿಗೆ ಕೈಮುಗಿದು “ತುಂಬಾ ಉಪಕಾರವಾಯಿತು” ಎಂದೆ. ಅವರು ತಿರುಗಿ ಹಿಂದೆ ನೋಡಿದರು, ಯಾರಾದರೂ ಬಂದಿದ್ದಾರೋ ಎಂದು. ಯಾರೂ ಇರಲಿಲ್ಲ. ನನ್ನ ಹಣೆ ಮುಟ್ಟಿ ನೋಡಿದರು.

“ಜ್ವರ ಇಲ್ವಲ್ಲ,” ಎಂದರು.

ಕ್ಷೌರದ ಮುನಿಯಪ್ಪನಿಗೆ ಹೇಳಿದೆ. ಕತ್ತಿ ನನ್ನ ಗಂಟಲ ಮೇಲೆಯೇ ನಿಂತಿತು.

“ಯಾಕ್ ಸಾಮಿ? ನಮ್ಮಪ್ಪನ್ ಕಾಲ್ದಿಂದ ನಿಮ್ ಗಡ್ಡ ನಮ್ದೇ. ಈಗ್ ಇಂಗ್ ದೊಡ್ ಮಾತಾಡ್ತಿದ್ದೀರಿ ಅಂದ್ರೆ ಬ್ಯಾರೆ ಅಂಗ್ಡೀಗ್ ಓಗೀರಾ?”

ಅವನನ್ನು ಸಮಾಧಾನ ಮಾಡುವ ಹೊತ್ತಿಗೆ ಅರ್ಧ ಮೀಸೆ ಹೋಗಿತ್ತು. ಉಳಿದರ್ಧವನ್ನು ನಾನೇ ತೆಗೆಸಿದೆ.

ನೋಡಿದಿರಾ? ನಮ್ಮ ಸೀಮೆಯಲ್ಲಿ ಹತ್ತಿರದವರಿಗೆ ‘ಉಪಕಾರವಾಯಿತು’ ಎಂದರೆ, ನಿನ್ನ ಸಹವಾಸ ಸಾಕು, ಇಲ್ಲಿಗೆ ಮುಗಿಯಿತು ಎಂದೇ ಅರ್ಥ. ಮ್ಯಾಗಜೀನಿನವನಿಗೆ ಮುನಿಯಪ್ಪನ ಪರಿಚಯವಿಲ್ಲ.

ಮುಂದಿನ ಭಾನುವಾರ ಚೊಂಬು ವಾಪಸ್ ಕೊಡಲು ಹೊರಟೆ. ನಮ್ಮ ಮನೆಯವರು ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಯಿಸಿ, ಒಳಗೆ ಎರಡು ಹಿಡಿ ಸಕ್ಕರೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದ್ದರು. ಕೊಟ್ಟವರ ಪಾತ್ರೆಯನ್ನು ನಮ್ಮಲ್ಲಿ ಯಾರೂ ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಅವರೆಯಾದರೂ ಹಾಕುತ್ತಾರೆ.

ಅಲ್ಲಿ ನನ್ನ ಬುದ್ಧಿ ಓಡಿತು. ಸಕ್ಕರೆಗೆ ಕಂಟ್ರೋಲು ಬಂದಿದೆ. ಮಂಡ್ಯದಿಂದ ಮದ್ದೂರಿಗೆ ರೈಲಿನಲ್ಲಿ, ಬಾಯಿ ಕಟ್ಟಿದ ಚೊಂಬಿನಲ್ಲಿ ಸಕ್ಕರೆ ಸಾಗಿಸುವಾಗ ಯಾರಾದರೂ ಹಿಡಿದರೆ? ‘ಕಳ್ಳಸಾಗಣೆ: ಮೇಷ್ಟರ ಬಂಧನ.’ ಇದೇ ಪತ್ರಿಕೆಯಲ್ಲಿ, ಈ ಅಂಕಣದ ಪಕ್ಕದಲ್ಲೇ! ಯಾರೂ ನೋಡದಾಗ ಸಕ್ಕರೆಯನ್ನು ಡಬ್ಬಕ್ಕೆ ಸುರಿದೆ. ಅದರ ಬದಲು ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿಕೊಂಡೆ. ಒಳ್ಳೆಯ ಭಾಷಣ. ‘ತಮ್ಮ ಮಾತೃಹೃದಯ’ ಎಂಬ ಪ್ರಯೋಗವೂ ಇತ್ತು.

ಗೌಸ್ ಸಾಬರು ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ನಿಂತು, ನನ್ನ ಬೋಳು ಮೂತಿಯನ್ನು ಮೊದಲು ಗುರುತಿಸಲಿಲ್ಲ. ಆಮೇಲೆ ಪೂರಾ ಭಾಷಣ ಕೇಳಿದರು. ಕಾಸಿಂಬಮ್ಮನೂ ಕೇಳಿದರು. ಮುಗಿದ ಮೇಲೆ ಬಟ್ಟೆ ಬಿಚ್ಚಿ ಚೊಂಬಿನೊಳಗೆ ಇಣುಕಿದರು. ಒಂದು ಸಲ ನನ್ನ ಮುಖ ನೋಡಿದರು. ಮತ್ತೆ ಇಣುಕಿದರು.

“ಏನೂ ಇಲ್ವಲ್ಲಪ್ಪ ಇದ್ರಲ್ಲಿ!”

ಮನೆಯ ಡಬ್ಬಕ್ಕೆ ಸುರಿದು ಬಂದ ಸಕ್ಕರೆ ನನಗೆ ನೆನಪಾಯಿತು.

“ಬಸುರಿ ಕುಡ್ದಿರೋ ಚೊಂಬು ಬರಿದ್ ತಂದೀಯಾ ಮೇಷ್ಟ್ರೇ? ತೋಬಾ ತೋಬಾ! ನಿನ್ ಮಾತ್ನೆಲ್ಲಾ ಚೊಂಬಿಗಾಕಿ ಕುಡೀಲಾ ನಾನು?”

“ಅಮ್ಮಾ, ಬುಡಮ್ಮ, ಓದ್ದೋರು,” ಎಂದರು ಗೌಸ್ ಸಾಬರು, ನಗು ತಡೆದುಕೊಂಡು.

“ಓದ್ದೋರಾದ್ರೆ ಬರೀ ಚೊಂಬ್ ತರ್ಬೋದಾ?”

ನನಗೆ ನಗು ಬರಲಿಲ್ಲ. ಬರಿದಾದ ಚೊಂಬು. ಹೋದ ವರ್ಷದ ಐದನೇ ತಿಂಗಳು. ನಾನು ನಿಮಿಷಕ್ಕೊಂದು ಅಪಶಕುನ ಹುಡುಕುವವನು, ಈ ಸಲ ಒಂದನ್ನು ನಾನೇ ಕೈಯಾರೆ ಹೊತ್ತು ತಂದಿದ್ದೆ. ಯಾಕೋ ಬಾಯಿ ತಡೆಯಲಿಲ್ಲ. ಮನೆಯಲ್ಲಿ ಯಾರೂ ಆಡದ ಮಾತನ್ನು ಆ ಮುದುಕಿಯ ಮುಂದೆ ಆಡಿಬಿಟ್ಟೆ. ಮೊದಲನೆಯದು ನಿಲ್ಲಲಿಲ್ಲ ತಾಯಿ, ಎಂದೆ.

ಕಾಸಿಂಬಮ್ಮ ಬಟ್ಟೆಯನ್ನು ಚೊಂಬಿನ ಬಾಯಿಗೆ ಮತ್ತೆ ಕಟ್ಟಿದರು. ಆಮೇಲೆ ಚೊಂಬನ್ನು ನನ್ನ ಕೈಗೇ ತುರುಕಿದರು.

“ತಗಂಡೋಗು. ನಾ ಇಸ್ಕಳಾಕಿಲ್ಲ. ಮಗಾ ಉಟ್ಟಿದ್ಮೇಲೆ ತುಂಬ್ಕಂಡ್ ಬಾ. ಅಲ್ಲೀಗಂಟ ನಿಮ್ಮನೇಲೇ ಇರ್ಲಿ. ನಿನ್ ಮಗ್ಳು ನೀರ್ ಕುಡೀಲಿ ಅದ್ರಲ್ಲೇ.”

ವಾಪಸ್ ಬಂದು ನಡೆದದ್ದನ್ನು ಮನೆಯಲ್ಲಿ ಹೇಳಿದೆ. ಸಕ್ಕರೆ ಸುರಿದದ್ದನ್ನೂ ಹೇಳಬೇಕಾಯಿತು. ನಮ್ಮ ಮನೆಯವರು ಏನೆಂದರೋ ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಬೆಲ್ಲದ ಕಾಫಿ. (ಹೊರ ಊರಿನವರು ಮಂಡ್ಯದಲ್ಲಿ ನಲ್ಲಿ ತಿರುಗಿಸಿದರೆ ಸಕ್ಕರೆ ಬರುತ್ತದೆಂದು ತಿಳಿದಿದ್ದಾರೆ. ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ಸಿಹಿ ವಾಸನೆ ಬರುತ್ತದೆ, ನಿಜ. ಡಬ್ಬಕ್ಕೆ ಬರುವುದು ರೇಷನ್ನಿನಷ್ಟೇ.) ಉಳಿಸಿದ ಸಕ್ಕರೆಯೆಲ್ಲ ಬೇರೆ ಡಬ್ಬದಲ್ಲಿ. ಜಯಮ್ಮ ಆ ನೆಗ್ಗಿದ ಚೊಂಬಿನಲ್ಲೇ ನೀರು ಕುಡಿದಳು. ನಾನು ದಿನಾ ಸ್ಕೂಲಿನಿಂದ ಬಂದು ಮೊದಲು ನೋಡುತ್ತಿದ್ದದ್ದು ಅದನ್ನೇ. ಅದರಲ್ಲಿ ನೀರಿದೆಯೋ? ಇದೆ. ಅರ್ಧಕ್ಕಿಳಿದಿದೆಯೋ? ಇಳಿದಿದೆ. ಅಂದರೆ ಅವಳು ಕುಡಿದಿದ್ದಾಳೆ, ಚೆನ್ನಾಗಿದ್ದಾಳೆ. ಆಶ್ಚರ್ಯವೆಂದರೆ, ಆ ಎರಡು ತಿಂಗಳು ನಾನು ಟೈರಿಗೂ ಹಂಚಿಗೂ ಹಾವಿಗೂ ಹೆದರಲಿಲ್ಲ. ಪುರಸೊತ್ತಿರಲಿಲ್ಲ. ಮೀಸೆಯೂ ಮತ್ತೆ ಬಂತು.

ಹೋದ ಸೋಮವಾರ ಬೆಳಿಗ್ಗೆ, ಸ್ಕೂಲಿನ ಮೊದಲ ಗಂಟೆ ಹೊಡೆಯುವ ಹೊತ್ತಿಗೆ, ಸೂಲಗಿತ್ತಿ ಹೊರಗೆ ಬಂದು “ಎಣ್ಮಗಾ ಕಣ್ ಮೇಷ್ಟ್ರೇ, ಗುಂಡ್ಕಲ್ಲಂಗದೆ” ಎಂದಳು. ಒಳಗಿನಿಂದ ಅಳು ಕೇಳಿಸಿತು. ತಾಯಿ, ಮಗು ಇಬ್ಬರೂ ಕ್ಷೇಮ. ನಾನು ಜಗಲಿಯ ಮೇಲೆ ಕೂತು ಅತ್ತೆ. (ಬಿಸಿಲಿಗೆ ಕಣ್ಣಲ್ಲಿ ನೀರು ಬಂತೆಂದು ಪಕ್ಕದ ಮನೆಯವರಿಗೆ ಹೇಳಿದ್ದೇನೆ. ನೀವೂ ಹಾಗೇ ಹೇಳಿ.)

ಮಾರನೆಯ ದಿನ ರಜಾ ಹಾಕಿ, ಕಂಠದವರೆಗೂ ಸಕ್ಕರೆ ತುಂಬಿದ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತೆ. ಎದುರಿಗೆ ಬಂದು ಕೂತವನು ಯಾರು? ಕಾನ್‌ಸ್ಟೇಬಲ್ಲು!

“ಏನದು ಸಾಮಿ?” ಎಂದ.

“ಸಕ್ಕರೆ,” ಎಂದೆ. ಸುಳ್ಳು ಹೇಳಬೇಕೆಂದು ಹೊಳೆಯಲೇ ಇಲ್ಲ.

“ಅಷ್ಟೊಂದಾ? ಏನ್ ಇಸೇಸ?”

“ಮೊಮ್ಮಗಳು ಹುಟ್ಟಿದ್ದಾಳೆ.”

ಅವನು ಅಂಗೈ ಚಾಚಿದ. “ಮತ್ತೆ ಸುಮ್ಕೆ ಕುಂತಿದ್ದೀರಲ್ಲ. ಆಕಿ ಇತ್ಲಾಗೆ!”

ಬಾಯಿಗೆ ಹಾಕಿಕೊಂಡು, ಮದ್ದೂರು ಬಂದಾಗ ಚೊಂಬನ್ನು ತಾನೇ ಹಿಡಿದುಕೊಂಡು ನನ್ನನ್ನು ಇಳಿಸಿದ.

ಕಾಸಿಂಬಮ್ಮನ ಮುಂದೆ ನಾನು ಭಾಷಣ ಮಾಡಲಿಲ್ಲ. ಚೊಂಬು ಕೊಟ್ಟೆ. ಭಾರ ನೋಡಿಯೇ ಅವರಿಗೆ ಗೊತ್ತಾಯಿತು. ಬಾಗಿಲಲ್ಲೇ ನಿಂತು “ಗೌಸೂ, ಬಾರ್ಲಾ, ಮೇಷ್ಟ್ರು ತಾತ ಆಗವ್ನೆ!” ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದರು. ಗೌಸ್ ಸಾಬರು ಗ್ರೀಸಿನ ಕೈಯಲ್ಲೇ ಬಂದು ನನ್ನ ಬಿಳಿ ಕೋಟನ್ನು ತಬ್ಬಿಕೊಂಡರು. (ಕಲೆ ಹೋಗಿಲ್ಲ. ಹೋಗುವುದೂ ಬೇಡ.)

ನಾನು ನಿರಾಳವಾಗಿ ಹೊರಟೆ. ಕೈ ಬೀಸಿಕೊಂಡು ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಆ ಇಪ್ಪತ್ತರ ದನಿ.

“ಎಲ್ಲಿಗ್ ಓಯ್ತೀಯ, ನಿಂತ್ಕಳಪ್ಪ! ಬಾಣಂತಿ ಮನೆಗೆ ಬರೀ ಕೈಲಿ ಓಗಾದಾ?”

ಅದೇ ಚೊಂಬು. ಅದೇ ನೆಗ್ಗು. ಈಗ ಅದರ ತುಂಬ ಬಾಣಂತಿಗೆಂದು ಉತ್ತುತ್ತೆ. ಈ ಯುದ್ಧದ ಕಾಲದಲ್ಲಿ ಎಲ್ಲಿಂದ ಕೂಡಿಹಾಕಿದ್ದರೋ, ಯಾವಾಗಿನಿಂದ ಕೂಡಿಹಾಕಿದ್ದರೋ, ನಾನು ಕೇಳಲಿಲ್ಲ. ‘ಉಪಕಾರ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

“ಮುಂದಿನ್ ತಿಂಗ್ಳು ಮಗೀನೂ ಕರ್ಕಂಡ್ ಬತ್ತೀನಿ,” ಎಂದೆ.

“ಅಂಗನ್ನು ಮತ್ತೆ!” ಎಂದರು ಕಾಸಿಂಬಮ್ಮ.

ಚೊಂಬು ಈಗ ನಮ್ಮ ಅಡಿಗೆಮನೆಯ ಗೂಡಿನಲ್ಲಿದೆ. ಈ ಸಲ ಏನು ತುಂಬುವುದೆಂದು ನಮ್ಮ ಮನೆಯವರು ಆಗಲೇ ಯೋಚನೆಗೆ ಬಿದ್ದಿದ್ದಾರೆ. ದಿನಕ್ಕೆ ಮೂರರ ಪಟ್ಟಿಯನ್ನು ನಾನು ಕೈಬಿಟ್ಟಿದ್ದೇನೆ. ವ್ಯಕ್ತಿತ್ವ ಬೆಳೆಯಿತೋ ಇಲ್ಲವೋ ಗೊತ್ತಿಲ್ಲ. ಹೆದರಿಕೆ ಮಾತ್ರ ಪೂರಾ ಹೋಗಿಲ್ಲ, ಒಂದು ಉಳಿದಿದೆ: ಆ ಚೊಂಬು ಯಾವತ್ತಾದರೂ ಒಂದು ದಿನ ಮದ್ದೂರಿನಿಂದ ಬಾರದೆ ನಿಂತುಬಿಟ್ಟರೆ?